ಅಕ್ಷರ ಬರುತ್ತೆ, ಕಥೆ ತಲೆಗೆ ಹತ್ತಲ್ಲ ಅಂದ್ರೆ

ಮೂರನೇ ಕ್ಲಾಸಿನ ಮಗ ಅಕ್ಷರ ಕೂಡಿಸಿ ಓದ್ತಾನೆ, ಆದರೆ ಏನು ಓದಿದೆ ಅಂದ್ರೆ ಸುಮ್ಮನಾಗ್ತಾನೆ ಅಂತ ಕೇಳಿದ್ದೀರಿ. ಇದು ದಡ್ಡತನ ಅಲ್ಲ. ಒತ್ತಕ್ಷರ ಬಿಡಿಸುವುದರಲ್ಲೇ ಗಮನವೆಲ್ಲ ಖರ್ಚಾಗುತ್ತದೆ, ಅರ್ಥಕ್ಕೆ ಏನೂ ಉಳಿಯುವುದಿಲ್ಲ.

ಮೊದಲು ಪುಸ್ತಕ ಬದಲಿಸಿ. ಒಂದು ಪುಟದಲ್ಲಿ ಐದಕ್ಕಿಂತ ಜಾಸ್ತಿ ಪದಕ್ಕೆ ಎಡವಿದರೆ ಅದು ನೀವು ಓದಿ ಹೇಳಬೇಕಾದ ಪುಸ್ತಕ. ಅವನೇ ಓದಲು ಇನ್ನೂ ಸುಲಭದ್ದು ಕೊಡಿ. ಓದಿದ್ದನ್ನೇ ಹತ್ತು ಸಲ ಓದಿದರೂ ಬೇಡ ಅನ್ನಬೇಡಿ, ಓದಿಗೆ ಓಟ ಬರುವುದೇ ಹಾಗೆ.

ಎಡವಿದ ತಕ್ಷಣ ತಿದ್ದಬೇಡಿ. ನಾನೂ ಇದೇ ತಪ್ಪು ಮಾಡ್ತಿದ್ದೆ. ಒಮ್ಮೆ ಮಗಳು ‘ಕತ್ತಲೆ’ ಹತ್ತಿರ ನಿಂತಳು. ನಾಲಿಗೆ ಕಚ್ಚಿಕೊಂಡು ಮನಸ್ಸಲ್ಲೇ ಐದು ಎಣಿಸಿದೆ. ಚಿತ್ರದಲ್ಲಿದ್ದ ಲಾಟೀನು ನೋಡಿದಳು, “ಕತ್ತಲೆ!” ಅಂದಳು. ಆಮೇಲೆ ಯಾರೂ ಹೇಳದೆ ಆ ಸಾಲನ್ನು ಮೊದಲಿಂದ ಓದಿದಳು. ಅರ್ಥ ಆಯ್ತು ಅಂತ ಅಲ್ವಾ?

ದಿನಾ ಹದಿನೈದು ನಿಮಿಷ ಸಾಕು. ಅವನದು ಒಂದು ಸಾಲು, ನಿಮ್ಮದು ಒಂದು. ಕೊನೆಗೆ “ಕಥೆಯ ನೀತಿ ಏನು?” ಅಂತ ಮಾತ್ರ ಕೇಳಬೇಡಿ. “ಮುಂದೇನಾಗಬಹುದು?” ಅಂತ ಮಧ್ಯದಲ್ಲಿ ಕೇಳಿ ನೋಡಿ, ಬಾಯಿ ತಾನಾಗೇ ಬಿಡ್ತಾನೆ.