ಆಪ್ತಸಲಹೆ ಪ್ರಕರಣ: ‘ಖಚಿತವಾಗಿ ಗೊತ್ತಾ?’ ಅಂತ ಕೇಳಿದರು, ಅಭಿ ಆಸ್ಪತ್ರೆ ಬಿಟ್ಟರು

ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅಭಿಯ ಒಪ್ಪಿಗೆ ಇದೆ. ಕರಡು ಓದಿ ನನ್ನ ಎರಡು ಕಾಗುಣಿತದ ತಪ್ಪನ್ನೂ ತಿದ್ದಿಕೊಟ್ಟರು.

ಅಭಿಗೆ 24 ವರ್ಷ, ಡಿಟಿಪಿ ಕೆಲಸ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು. ತಾನು ಗಂಡು ಅನ್ನುವುದು ಅವರಿಗೆ ಹೈಸ್ಕೂಲಿನಲ್ಲೇ ಗೊತ್ತಿತ್ತು. ಆಟಿಸಂ (ಮಾತು, ಸ್ಪರ್ಶ, ಸದ್ದನ್ನೆಲ್ಲ ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಗ್ರಹಿಸುವ ಸ್ಥಿತಿ) ಇದೆ ಅಂತ ತಿಳಿದದ್ದು 21ರಲ್ಲಿ. 2023ರ ಮಳೆಗಾಲದಲ್ಲಿ ಅಕ್ಕ ಕರೆದುಕೊಂಡು ಬಂದರು. "ಮೇಡಂ, ತಿಂಗಳಲ್ಲಿ ಹದಿನೈದು ದಿನ ಬ್ಲೀಡಿಂಗ್ ಆಗುತ್ತೆ ಇವನಿಗೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆ ಅಂದ್ರೆ ಸಾಕು, ರೂಮಿನ ಚಿಲಕ ಹಾಕ್ಕೋತಾನೆ."

ಮೊದಲ ದಿನ ಎಡವಿದ್ದು ನಾನೇ. ಎದುರು ಕೂತು, ಮುಖ ನೋಡಿ, "ಹೇಗನ್ನಿಸ್ತಿದೆ ಅಭಿ?" ಅಂದೆ. ಮಾತಿಲ್ಲ. ಮೇಜಿನ ಅಂಚಿನಲ್ಲಿ ಎದ್ದಿದ್ದ ಸನ್‌ಮೈಕಾವನ್ನು ಉಗುರಿನಿಂದ ಒತ್ತುತ್ತಾ ಕೂತಿದ್ದರು. ಇದು ಹಟ ಅಂದುಕೊಂಡೆ. ಇಪ್ಪತ್ತು ನಿಮಿಷ ಸುಮ್ನೆ ಹೋಯಿತು. ಕೊನೆಗೆ ಅಕ್ಕನೇ "ಬರೆದು ಕೇಳಿ ಮೇಡಂ" ಅಂದರು. ಹಾಳೆ ಮೇಲೆ ಬರೆದೆ: ಆಸ್ಪತ್ರೆಗೆ ಹೋದರೆ ಮೊದಲು ಏನಾಗುತ್ತೆ, ಆಮೇಲೆ ಏನಾಗುತ್ತೆ?

ಒಂದೂವರೆ ಪುಟ ಬಂತು, ದುಂಡಗಿನ ಅಕ್ಷರದಲ್ಲಿ. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತೆ, ಅದರ ಕೆಳಗೆ ಎರಡು ಗಂಟೆ ಕೂರಬೇಕು. ಚೀಟಿಯಲ್ಲಿರುವ ಹಳೇ ಹೆಸರನ್ನು ಜೋರಾಗಿ ಕೂಗುತ್ತಾರೆ. ಎದ್ದರೆ ಎಲ್ಲರೂ ನೋಡುತ್ತಾರೆ, ಏಳದಿದ್ದರೆ ಸರದಿ ಹೋಗುತ್ತೆ. ಹೇಳದೆ ಮುಟ್ಟುತ್ತಾರೆ. ನೋವು ಹತ್ತರಲ್ಲಿ ಎಷ್ಟು ಅಂತಾರೆ. ಹತ್ತು ಅಂದರೆ ಎಷ್ಟು ನೋವು ಅಂತ ಯಾರೂ ಹೇಳಿಲ್ಲ.

ಕೊನೆಯದು ಎರಡು ವರ್ಷದ ಹಿಂದಿನ ಸಂಗತಿ. ಹಾರ್ಮೋನ್ ಚಿಕಿತ್ಸೆ ಕೇಳಿಕೊಂಡು ಒಬ್ಬ ವೈದ್ಯರ ಹತ್ತಿರ ಹೋಗಿದ್ದರು. "ನೀನು ಗಂಡು ಅಂತ ಖಚಿತವಾಗಿ ಗೊತ್ತಾ?" ಅಂತ ಅವರು ಕೇಳಿದರು. "ಯಾವುದನ್ನೂ ನೂರಕ್ಕೆ ನೂರು ಖಚಿತ ಅನ್ನೋಕಾಗಲ್ಲ" ಅಂದರು ಅಭಿ. ಫೈಲಿನಲ್ಲಿ ಬಿದ್ದ ಷರಾ: ಗೊಂದಲವಿದೆ, ಆಟಿಸಂ ಕಾರಣ ಇರಬಹುದು, ತಂದೆ ತಾಯಿ ಬರಲಿ. ಅಂದಿನಿಂದ ಜ್ವರ ಬಂದರೂ ಆಸ್ಪತ್ರೆ ಇಲ್ಲ.

ಎರಡನೇ ಭೇಟಿಯಲ್ಲಿ ಕೇಳಿದೆ. "ನಾಳೆ ಬೆಳಗ್ಗೆ ಸೂರ್ಯ ಹುಟ್ಟೋದು ಖಚಿತನಾ?"

"ನೂರಕ್ಕೆ ನೂರು ಅಲ್ಲ. ಹತ್ತಿರ ಹತ್ತಿರ."

"ನೀವು ಗಂಡು ಅನ್ನೋದು?"

"ಅದೂ ಅಷ್ಟೇ."

ಆ ಫೈಲಿನಲ್ಲಿ ‘ಗೊಂದಲ’ ಆಗಿದ್ದು ಈ ಉತ್ತರ. ಗೊಂದಲ ಯಾರದು ಅಂತ ನನಗೆ ಇವತ್ತಿಗೂ ಅನುಮಾನವಿಲ್ಲ.

ಮುಂದಿನ ಸಲ ಅಮ್ಮ ಬಂದರು. ಅವರ ಪ್ರಶ್ನೆ ಬೇರೆ. "ಆಟಿಸಂಗೆ ಟ್ರೀಟ್‌ಮೆಂಟ್ ಕೊಡಿಸಿದ್ರೆ ಇದೂ ಸರಿಹೋಗುತ್ತಾ?" ನಾನು ಹೇಳಿದೆ: ಅಮ್ಮಾ, ಆಟಿಸಂ ಜ್ವರದ ಹಾಗೆ ಇಳಿಯುವಂಥದ್ದಲ್ಲ. ಎರಡೂ ಒಟ್ಟಿಗೆ ಇರುವವರು ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ. 2020ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ 6 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ಇಟ್ಟುಕೊಂಡ ಅಧ್ಯಯನ ಬಂತು. ಅಭಿಯಂಥ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಆಟಿಸಂ ಉಳಿದವರಿಗಿಂತ ಮೂರರಿಂದ ಆರು ಪಟ್ಟು ಹೆಚ್ಚು ಕಂಡಿತ್ತು. ಒಂದರಿಂದ ಇನ್ನೊಂದು ಹುಟ್ಟಿತು ಅಂತ ಅದು ಹೇಳುವುದಿಲ್ಲ. ಇನ್ನು ‘ಸರಿಮಾಡ್ತೀವಿ’ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಲಿಂಗತ್ವ ಬದಲಿಸಲು ಹೊರಡುವ ‘ಕನ್ವರ್ಷನ್ ಥೆರಪಿ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೈದ್ಯವೃತ್ತಿಯ ದುರ್ನಡತೆ ಎಂದಿದೆ. ಅಮ್ಮ ಒಪ್ಪಿದರು ಅಂತ ಹೇಳಲಾರೆ. ಕಾಫಿ ಕುಡಿದು ಹೋದರು.

ನಮಗೆ ಆಗ ಅವಸರ ಇದ್ದದ್ದು ರಕ್ತದ್ದು. ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ಕುರುಚಲು ಕೂದಲಿನ, ಪ್ಯಾಂಟು ಶರ್ಟಿನ ಹುಡುಗ ನಿಲ್ಲಬೇಕು. ಅಭಿಗೆ ಕೊಟ್ಟ ಮೊದಲ ಸಲಹೆ, ವೈದ್ಯರಿಗೆ ಕೊಡಲು ಒಂದೇ ಪುಟದ ಚೀಟಿ ಬರೆದುಕೊಳ್ಳಿ ಅಂತ. ಕರೆಯಬೇಕಾದ ಹೆಸರು, ಮುಟ್ಟುವ ಮೊದಲು ಹೇಳಿ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಅರ್ಧ ನಿಮಿಷ ಕಾಯಿರಿ. ನೋವಿಗೆ ಅಂಕಿ ಬೇಡ, ಅದರಿಂದ ಯಾವ ಕೆಲಸ ನಿಂತಿದೆ ಅಂತ ಬರೆಯಿರಿ ಅಂದೆ. "ಮಾನಿಟರ್ ಮುಂದೆ ಕೂತರೆ ಅಕ್ಷರ ಮಸುಕಾಗುತ್ತೆ, ಪ್ರೂಫ್ ನೋಡೋಕಾಗಲ್ಲ" ಅಂತ ಬರೆದರು. ಯಾವ ಅಂಕಿ ಇಷ್ಟು ಹೇಳುತ್ತೆ?

ಅಕ್ಕನಿಗೆ ಹೇಳಿದ್ದು: ಜೊತೆಗಿರಿ, ಆದರೆ ಅವರ ಪರವಾಗಿ ಉತ್ತರ ಕೊಡಬೇಡಿ. ಸಹಿ ಅಭಿಯದೇ ಆಗಬೇಕು. ಆಟಿಸಂ ಇದೆ ಅನ್ನುವ ಒಂದೇ ಕಾರಣಕ್ಕೆ 18 ದಾಟಿದವರ ಸಹಿ ನಡೆಯದೆ ಹೋಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆಸ್ಪತ್ರೆಯಲ್ಲಿ ಆದ್ಯತೆ ಕೇಳುವ ಹಕ್ಕೂ ಇದೆ. ಕಾಗದಪತ್ರದಲ್ಲಿ ಮಾತ್ರ ಕ್ರಮ ತಪ್ಪಬಾರದು. ಯುಡಿಐಡಿ ಕಾರ್ಡನ್ನು (ಅಂಗವಿಕಲರ ಗುರುತಿನ ಚೀಟಿ) ಹಳೇ ಹೆಸರಲ್ಲಿ ಮಾಡಿಸಿಬಿಟ್ಟರೆ ಆಮೇಲೆ ಎರಡು ಕಾರ್ಡು, ಎರಡು ಹೆಸರು. ಮೊದಲು 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಗುರುತಿನ ಪ್ರಮಾಣಪತ್ರ, ಆಮೇಲೆ ಆಧಾರ್, ಕೊನೆಗೆ ಯುಡಿಐಡಿ ಅಂದೆ. ಆಗಿನ ನಿಯಮದಲ್ಲಿ ಆ ಪ್ರಮಾಣಪತ್ರಕ್ಕೆ ವೈದ್ಯಕೀಯ ತಪಾಸಣೆ ಬೇಕಿರಲಿಲ್ಲ, ತಾವೇ ಬರೆದುಕೊಡುವ ಅಫಿಡವಿಟ್ ಸಾಕಿತ್ತು.

ಆಸ್ಪತ್ರೆಗೆ ನಾನೇ ಫೋನ್ ಮಾಡಿದೆ. ಒಪಿಡಿ ಶುರುವಾಗುವ ಹೊತ್ತಿಗೆ ಮೊದಲ ಸರದಿ, ಹೆಸರು ಕೂಗುವ ಬದಲು ಅಕ್ಕನ ಮೊಬೈಲಿಗೆ ಮಿಸ್ಡ್ ಕಾಲ್. ಅದು ಬರುವವರೆಗೆ ಹೊರಗೆ ಹೊಂಗೆ ಮರದ ಕೆಳಗೆ ಕಾಯುವುದು. ಸ್ಕ್ಯಾನಿಂಗ್ ಹೊಟ್ಟೆಯ ಮೇಲಿಂದ ಮಾತ್ರ. ಖರ್ಚು ಅಂದರೆ ಆ ಒಂದು ಫೋನ್ ಕಾಲ್. ನರ್ಸಮ್ಮ "ಅವನು ಅನ್ಲಾ, ಅವಳು ಅನ್ಲಾ ಮೇಡಂ?" ಅಂತ ಕೇಳಿದರು, ಪಾಪ, ನಿಜವಾದ ಕಾಳಜಿಯಿಂದಲೇ. "ಅವರು ಅನ್ನಿ, ಬನ್ನಿ ಕೂತ್ಕೊಳ್ಳಿ ಅನ್ನಿ" ಅಂದೆ. ಕನ್ನಡದಲ್ಲಿ ಇಷ್ಟು ಸುಲಭದ ದಾರಿ ಇದ್ದೂ ಏಕವಚನದಲ್ಲೇ ಒದ್ದಾಡುತ್ತೇವೆ, ಅಲ್ವಾ?

ಹಿಮೋಗ್ಲೋಬಿನ್ 7.1 ಬಂತು. ವೈದ್ಯೆ ಬೆಚ್ಚಿಬಿದ್ದರು, "ಇಷ್ಟು ದಿನ ಹೇಗೆ ಓಡಾಡಿದ್ರಿ?" ಅಂದರು. ಅಭಿ ಅದಕ್ಕೂ ನೇರ ಉತ್ತರ ಕೊಟ್ಟರು: "ನಿಧಾನಕ್ಕೆ." ರಕ್ತ ನಿಲ್ಲಲು ಮಾತ್ರೆ ಕೊಟ್ಟರು, ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಹಾಕಿದರು. ಹಾರ್ಮೋನ್ ವಿಷಯ ಬೇರೆ ಮನೋವೈದ್ಯರ ಹತ್ತಿರ ನಡೆಯುತ್ತಿದೆ. ಅವರು ಪ್ರಶ್ನೆಗಳನ್ನು ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ಮೊದಲ ಡ್ರಿಪ್ ದಿನ ಸಂಜೆ ನನಗೊಂದು ಮೆಸೇಜ್ ಬಂತು. "ಬಿಪಿ ಪಟ್ಟಿ ಕಟ್ಟೋ ಮೊದಲು ಹೇಳಿದರು. 38 ಸೆಕೆಂಡ್ ಬಿಗಿಯಾಗಿತ್ತು. ಎಣಿಸಿದೆ. ಮುಂದಿನ ಡ್ರಿಪ್ ಮಂಗಳವಾರ."