ಜಿ ಪ್ಲಸ್ಸೋ ಮೈನಸ್ಸೋ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಮಗಳು ಪ್ರಥಮ ಪಿಯುಸಿ. ಕಲ್ಲು ಮೇಲೆ ಹೋಗುವಾಗ ಜಿ ಮೈನಸ್, ಕೆಳಗೆ ಬರುವಾಗ ಪ್ಲಸ್ ಅಂತ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದಾರೆ. ಉತ್ತರ ಒಮ್ಮೆ ಸರಿ ಬರುತ್ತದೆ, ಒಮ್ಮೆ ತಪ್ಪು. ಯಾಕೆ?

ಕಾಲೇಜು ಶುರುವಾದ ಕೂಡಲೇ ಈ ಪ್ರಶ್ನೆಯೂ ಶುರು. ಪ್ರತಿ ವರ್ಷ! ಜಿ ಅಂದರೆ ಭೂಮಿಯ ಎಳೆತದಿಂದ ಕಲ್ಲಿನ ವೇಗ ಪ್ರತಿ ಸೆಕೆಂಡಿಗೆ ಬದಲಾಗುವ ಪ್ರಮಾಣ, ಅಂದರೆ ವೇಗೋತ್ಕರ್ಷ. ಕಲ್ಲು ಮೇಲೆ ಹೋಗಲಿ, ಕೆಳಗೆ ಬರಲಿ, ಭೂಮಿ ಅದನ್ನು ಎಳೆಯುವುದು ಕೆಳಕ್ಕೇ. ಹಾಗಿದ್ದಮೇಲೆ ನಡುದಾರಿಯಲ್ಲಿ ಚಿಹ್ನೆ ಯಾಕೆ ಬದಲಾಗಬೇಕು? ಯಾವ ದಿಕ್ಕು ಪ್ಲಸ್ ಅನ್ನುವುದು ನೀವು ಮಾಡಿಕೊಳ್ಳುವ ತೀರ್ಮಾನ. ಒಂದು ಸಲ ತೀರ್ಮಾನಿಸಿದ ಮೇಲೆ ಲೆಕ್ಕ ಮುಗಿಯುವ ತನಕ ಅದನ್ನು ಮುಟ್ಟಬಾರದು.

ಒಂದು ಲೆಕ್ಕ ನೋಡಿ. 40 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಕಲ್ಲನ್ನು ನೇರ ಮೇಲಕ್ಕೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದಿದ್ದೀರಿ. ಜಿ 10 ಅಂತಿಟ್ಟುಕೊಳ್ಳಿ. ನೆಲಕ್ಕೆ ಬೀಳಲು ಎಷ್ಟು ಹೊತ್ತು?

ಮೊದಲು ಹಾಳೆಯ ಅಂಚಿನಲ್ಲಿ ಮೇಲ್ಮುಖ ಬಾಣ ಎಳೆದು ಪಕ್ಕದಲ್ಲಿ ಪ್ಲಸ್ ಬರೆಯಿರಿ. ಬಾಣವಿಲ್ಲದ ಉತ್ತರ ಪತ್ರಿಕೆ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಈಗ ಯು, ಅಂದರೆ ಎಸೆದಾಗಿನ ವೇಗ, +10. ಎ, ಅಂದರೆ ವೇಗೋತ್ಕರ್ಷ (ಇಲ್ಲಿ ಜಿ), −10. ಎಸ್? ಕಲ್ಲು ಕೊನೆಗೆ ಹೊರಟ ಜಾಗಕ್ಕಿಂತ 40 ಮೀಟರ್ ಕೆಳಗಿರುತ್ತದೆ, ಹಾಗಾಗಿ −40. ಎಸ್ ಅಂದರೆ ಓಡಾಡಿದ ದೂರ ಅಲ್ಲ, ಸ್ಥಾನಪಲ್ಲಟ: ಹೊರಟ ಜಾಗದಿಂದ ಕೊನೆಯ ಜಾಗ ಎಷ್ಟು ದೂರ, ಯಾವ ದಿಕ್ಕಿಗೆ ಅನ್ನುವುದು. 'ಎಸ್ = ಯುಟಿ + ಅರ್ಧ ಎಟಿ ಸ್ಕ್ವೇರ್' ಸೂತ್ರಕ್ಕೆ ಹಾಕಿದರೆ ಟಿ, ಅಂದರೆ ಹಿಡಿಯುವ ಹೊತ್ತು, 4 ಅಥವಾ −2. ಉತ್ತರ 4 ಸೆಕೆಂಡ್.

ನಿಮ್ಮ ಮಗಳು 'ಕೊನೆಗೆ ಬೀಳುತ್ತದಲ್ಲ' ಅಂತ ಜಿ ಪ್ಲಸ್ ಹಾಕಿ, 40ನ್ನೂ ಪ್ಲಸ್ ಮಾಡಿ, ಯು ಮಾತ್ರ ಹಾಗೇ ಬಿಟ್ಟರೆ 2 ಸೆಕೆಂಡ್ ಬರುತ್ತದೆ. ಅದು ಕಲ್ಲನ್ನು ಕೆಳಕ್ಕೆ ಎಸೆದವರ ಉತ್ತರ! ಸಿಇಟಿ ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಆಯ್ಕೆಗಳಲ್ಲಿ 2 ಕೂಡ ಕಾದು ಕೂತಿರುತ್ತದೆ.

ಹಾಗಾದರೆ ಕೆಲವೊಮ್ಮೆ ಸರಿ ಬರುವುದು ಹೇಗೆ? ಕಲ್ಲು ಏರಿ ನಿಲ್ಲುವ ತುದಿಯಲ್ಲಿ ಲೆಕ್ಕವನ್ನು ಎರಡು ತುಂಡು ಮಾಡಿದಾಗ. ಮೇಲೆ 5 ಮೀಟರ್ ಏರಲು 1 ಸೆಕೆಂಡ್, ಅಲ್ಲಿಂದ 45 ಮೀಟರ್ ಬೀಳಲು 3. ಎರಡನೇ ತುಂಡಿಗೆ ಕೆಳಗಿನ ದಿಕ್ಕು ಪ್ಲಸ್ ಅಂತ ಹೊಸದಾಗಿ ಶುರು ಮಾಡಿದರೆ ತಪ್ಪಿಲ್ಲ, ಎಲ್ಲ ಚಿಹ್ನೆಯೂ ಒಟ್ಟಿಗೆ ತಿರುಗುತ್ತದೆ. ಕೆಲವನ್ನು ಮಾತ್ರ ತಿರುಗಿಸಿದರೆ ಕೆಟ್ಟಿತು. ಇದನ್ನು ಹೇಳದೆ 'ಮೇಲೆ ಮೈನಸ್, ಕೆಳಗೆ ಪ್ಲಸ್' ಅಂತ ಮಂತ್ರದ ಥರ ಬಾಯಿಪಾಠ ಮಾಡಿಸುವವರ ಹತ್ತಿರ ಫೀಸ್ ವಾಪಸ್ ಕೇಳಿ.

ಅಂದಹಾಗೆ, ಆ −2 ಕೂಡ ಸುಮ್ನೆ ಬಂದದ್ದಲ್ಲ. ಎರಡು ಸೆಕೆಂಡ್ ಮೊದಲು ಯಾರಾದರೂ ನೆಲದಿಂದಲೇ 30ರ ವೇಗದಲ್ಲಿ ಎಸೆದಿದ್ದರೂ ಕಲ್ಲು ನಿಮ್ಮ ಕೈಯ ಹತ್ತಿರ ಇದೇ 10ರ ವೇಗದಲ್ಲಿ ದಾಟುತ್ತಿತ್ತು. ನನಗೆ ಈ ಲೆಕ್ಕದಲ್ಲಿ ಜಾಸ್ತಿ ಇಷ್ಟ ಇದೇ.

ಪ್ರಶ್ನೆ: ಮೇಲೆಸೆದ ಕಲ್ಲಿಗೆ ತುದಿಯಲ್ಲಿ ವೇಗ ಸೊನ್ನೆ. ವೇಗೋತ್ಕರ್ಷವೂ ಸೊನ್ನೆ ಅಲ್ವಾ?

ಅಲ್ಲ. ಸೊನ್ನೆಯಾಗಿದ್ದರೆ ಕಲ್ಲು ಅಲ್ಲೇ ನೇತಾಡುತ್ತಿತ್ತು.

ಪ್ರಶ್ನೆ: ಹೋಗುವಾಗ ಗಂಟೆಗೆ 40, ಅದೇ ದಾರಿಯಲ್ಲಿ ಬರುವಾಗ 60 ಕಿಲೋಮೀಟರ್. ಸರಾಸರಿ ಜವ 50 ತಾನೆ?

48. ನಿಧಾನವಾಗಿ ಹೋಗುವಾಗ ಹೊತ್ತು ಜಾಸ್ತಿ ಹಿಡಿಯಿತು. 120 ಕಿಲೋಮೀಟರ್ ದಾರಿ ಅಂತಿಟ್ಟುಕೊಂಡು ನೀವೇ ಮಾಡಿ.

ಪ್ರಶ್ನೆ: ಹತ್ತು ಸೆಕೆಂಡಿನಲ್ಲಿ ಲೆಕ್ಕ ಬಿಡಿಸುವ ಟ್ರಿಕ್ ವಿಡಿಯೊ ನೋಡಬಹುದಾ?

ನೋಡಿ, ಲೆಕ್ಕ ಬರುವವರಾದರೆ.

ಪ್ರಶ್ನೆ: ಭಾರದ ವಸ್ತು ಬೇಗ ಬೀಳುವುದನ್ನು ಕಣ್ಣಾರೆ ಕಂಡಿದ್ದೇವೆ. ಪುಸ್ತಕ ಯಾಕೆ ಬೇರೆ ಹೇಳುತ್ತದೆ?

ನೀವು ಕಂಡದ್ದು ಗಾಳಿಯ ಕೆಲಸ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಅಲ್ಲಿ ಗಾಳಿಯಿಲ್ಲ. ಎರಡೂ ಒಟ್ಟಿಗೆ ನೆಲ ಮುಟ್ಟಿದವು. 'ಗಾಳಿಯ ಪ್ರತಿರೋಧ ಲೆಕ್ಕಕ್ಕಿಲ್ಲ' ಅಂತ ಪ್ರಶ್ನೆಯ ಕೊನೆಗೆ ಬರೆದಿರುತ್ತದಲ್ಲ, ಆ ಸಾಲನ್ನೂ ಓದಿ.