ವಿದ್ಯಾರ್ಥಿವೇತನ ನಿಂತದ್ದಕ್ಕೆ ಗಡಿ ಕಾರಣವಲ್ಲ

ಪ್ರಶ್ನೆ: ಮಗಳು ಕುಂಬಳೆಯಲ್ಲಿ ಪ್ಲಸ್ ಟು ಮುಗಿಸಿ ಮಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಮೊದಲ ವರ್ಷ ಕೇಂದ್ರದ ವಿದ್ಯಾರ್ಥಿವೇತನ 12,000 ರೂಪಾಯಿ ಬಂತು. ಎರಡನೆಯ ವರ್ಷ ಮುಗಿಯುತ್ತಾ ಬಂದರೂ ಹಣವಿಲ್ಲ. ಕೇರಳದವರು ಕರ್ನಾಟಕದಲ್ಲಿ ಓದಿದರೆ ನಿಲ್ಲಿಸುತ್ತಾರಂತೆ, ಹೌದೇ?
(ಒಬ್ಬ ತಂದೆ, ಪೆರ್ಲ)

ಅಲ್ಲ. ಪ್ರತಿ ವರ್ಷ ಇದೇ ಪ್ರಶ್ನೆ, ಇದೇ ಗಡಿಯ ಮಾತು. ಮೊದಲ ವರ್ಷ ಹಣ ಬಂದಾಗಲೂ ಮಗಳು ಮಂಗಳೂರಿನಲ್ಲೇ ಇದ್ದಳಲ್ಲ, ಆಗ ಗಡಿ ಇರಲಿಲ್ಲವೇ? ಕಾಲೇಜು ವಿದ್ಯಾರ್ಥಿಗಳಿಗೆಂದು ಇರುವ ಈ ಕೇಂದ್ರ ಯೋಜನೆಯಲ್ಲಿ (ಪಿಎಂ-ಯುಎಸ್‌ಪಿ) ಆಯ್ಕೆ ನಡೆಯುವುದು ಪ್ಲಸ್ ಟು ಪಾಸಾದ ಬೋರ್ಡಿನ ಲೆಕ್ಕದಲ್ಲಿ. ಕಾಲೇಜು ದೇಶದ ಯಾವ ರಾಜ್ಯದಲ್ಲಿದ್ದರೂ ಆಗುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ಕೇಳುತ್ತೇನೆ: ಈ ವರ್ಷ ಅವಳು ನವೀಕರಣದ ಅರ್ಜಿ ಹಾಕಿದ್ದಾಳೆಯೇ? ಒಮ್ಮೆ ಮಂಜೂರಾದರೆ ಡಿಗ್ರಿ ಮುಗಿಯುವ ತನಕ ತಾನಾಗಿ ಬರುತ್ತದೆ ಎಂದು ಯಾರು ಹೇಳಿಕೊಟ್ಟರೋ ತಿಳಿಯದು. ಆ ತಪ್ಪು ನಂಬಿಕೆಯಿಂದ ಹಣ ಕಳೆದುಕೊಂಡ ಒಳ್ಳೆಯ ಮಕ್ಕಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ವರ್ಷವರ್ಷವೂ ನವೀಕರಿಸಬೇಕು. ಹಿಂದಿನ ವರ್ಷ ಕನಿಷ್ಠ ಶೇ. 50 ಅಂಕ, ಶೇ. 75 ಹಾಜರಿ ಇರಬೇಕು. ರ‍್ಯಾಗಿಂಗ್‌ನಂತಹ ಅಶಿಸ್ತಿನ ದೂರು ಬಂದರೂ ವೇತನ ಹೋಗುತ್ತದೆ.

ಅರ್ಜಿ ಹಾಕಿದ್ದರೆ, ಅದು ಎಲ್ಲಿ ನಿಂತಿದೆ ಎಂದು ನೋಡಿ. ವಿದ್ಯಾರ್ಥಿ ಸಲ್ಲಿಸಿದ ಮೇಲೆ ಕಾಲೇಜಿನವರು ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತದವರು. ಏನಾದರೂ ಕೊರತೆ ಕಂಡರೆ ಅರ್ಜಿ ತಿದ್ದುಪಡಿಗೆ ವಾಪಸ್ ಬರುತ್ತದೆ. ಗಡುವಿನೊಳಗೆ ಸರಿಪಡಿಸಿ ಮತ್ತೆ ಸಲ್ಲಿಸದಿದ್ದರೆ ಆ ವರ್ಷದ್ದು ಮುಗಿಯಿತು. ಸಂದೇಶ ಹೋಗುವುದು ಅರ್ಜಿಯಲ್ಲಿ ಕೊಟ್ಟ ನಂಬರಿಗೆ. ಅದು ಅರ್ಜಿ ತುಂಬಿಸಿದ ಅಂಗಡಿಯವನ ನಂಬರಾದರೆ ನಿಮಗೆ ಗೊತ್ತಾಗುವುದು ಹೇಗೆ? ಸಲ್ಲಿಸಿದ ಮರುದಿನವೇ ಪ್ರತಿ ಹಿಡಿದು ಕಾಲೇಜಿನ ಆಫೀಸಿಗೆ ಹೋಗಿ, ಆಮೇಲೆ ವಾರಕ್ಕೊಮ್ಮೆ ಪೋರ್ಟಲ್ ನೋಡಿ. ನಮ್ಮ ಕಡೆಯ ಮಕ್ಕಳ ಹೆಸರಿನ ತೊಂದರೆಯೂ ಇದೆ: ಪ್ಲಸ್ ಟು ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಮನೆಹೆಸರು ಪೂರ್ತಿ. ಇದನ್ನು ಸರಿಪಡಿಸುವ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮಂಜೂರಾಗಿದೆ, ಹಣ ಮಾತ್ರ ಕಾಣುವುದಿಲ್ಲ ಎಂದಾದರೆ ಬ್ಯಾಂಕಿಗೆ ಹೋಗಿ. ಆಧಾರ್ ಮೂಲಕ ಬರುವ ಹಣ ನೇರ ಪಾವತಿಗೆಂದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಮಗಳು ಕಾಲೇಜಿನ ಹತ್ತಿರ ಹೊಸ ಖಾತೆ ತೆರೆದಿದ್ದರೆ, ಊರಿನ ಪಾಸ್‌ಬುಕ್ಕಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಪ್ರಶ್ನೆ: ಹಾಜರಿ ಶೇ. 72. ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ ಸಾಕೇ?

ಪರೀಕ್ಷೆಗೆ ಕೂರಲು ಕಾಲೇಜು ರಿಯಾಯಿತಿ ಕೊಡಬಹುದು. ವಿದ್ಯಾರ್ಥಿವೇತನದ ಷರತ್ತು ಬೇರೆ. ಅರ್ಜಿ ಪರಿಶೀಲಿಸುವವನು ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ.

ಪ್ರಶ್ನೆ: ಕೇರಳ ಸರ್ಕಾರದ ಇ-ಗ್ರಾಂಟ್ಸ್ ವಿದ್ಯಾರ್ಥಿ ನೆರವು ಮತ್ತು ಈ ಕೇಂದ್ರದ ವಿದ್ಯಾರ್ಥಿವೇತನ, ಎರಡೂ ಪಡೆಯಬಹುದೇ?

ಇಲ್ಲ. ಲೆಕ್ಕ ಹಾಕಿ ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಒಬ್ಬರು ಎರಡು ಸಾವಿರ ಕೊಟ್ಟರೆ ಖಂಡಿತ ಮಂಜೂರು ಮಾಡಿಸುತ್ತೇನೆ ಎನ್ನುತ್ತಾರೆ. ಕೊಡಲೇ?

ಒಂದು ಪೈಸೆಯೂ ಕೊಡಬೇಡಿ. ಪೋರ್ಟಲ್‌ನಲ್ಲಿ ಅರ್ಜಿ ಉಚಿತ. ಅಕ್ಷಯ ಕೇಂದ್ರದಲ್ಲಿ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ತುಂಬಿಸಿದರೆ ಅವರ ಸೇವಾಶುಲ್ಕ ಕೊಟ್ಟು ರಶೀದಿ ಕೇಳಿ. ಮಂಜೂರು ಮಾಡಿಸುವ ಅಧಿಕಾರ ಯಾವ ದಲ್ಲಾಳಿಗೂ ಇಲ್ಲ. ಇಂಥವರು ಬಡವರ ಮಕ್ಕಳ ಆಧಾರ್, ಪಾಸ್‌ವರ್ಡ್, ಒಟಿಪಿ ಎಲ್ಲ ಕೈಯಲ್ಲಿಟ್ಟುಕೊಳ್ಳುತ್ತಾರೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ.